ಜೌಗಿನ ಆಚೆಗಿನ ಮನೆ

ನನ್ನ ಎಡಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ಸಣ್ಣ ಗಂಟಿದೆ. ಬಲಗೈಯ ಗಂಟುಗಳ ಬಗ್ಗೆ ಯಾರಾದರೂ ಕೇಳಿದರೆ ನಾನು ಹೆಮ್ಮೆಯಿಂದಲೇ ಉತ್ತರ ಕೊಡುತ್ತೇನೆ. ಅವು ಉಳಿ ಹಿಡಿದು, ಅರ ತಿಕ್ಕಿ ಬಂದವು. ಕೊಲ್ಹಾಪುರದ ಒಂದು ಎರಕದ ಕಾರ್ಖಾನೆಯಲ್ಲಿ ನಾನು ಪ್ಯಾಟರ್ನ್ ಮಾಡುವವನು. ಅಂದರೆ ಕಬ್ಬಿಣದಲ್ಲಿ ಹೊಯ್ಯಬೇಕಾದ ಭಾಗವನ್ನು ಮೊದಲು ಮರದಲ್ಲಿ ಕೆತ್ತಿಕೊಡುವುದು ನನ್ನ ಕೆಲಸ. ಎಡಗೈಯ ಗಂಟಿನ ಮಾತು ಬಂದರೆ ಮಾತ್ರ ಮಾತು ಮರೆಸುತ್ತೇನೆ. ಅದು ಮೊಬೈಲಿನಲ್ಲಿ ಆಟವಾಡಿ ಬಂದದ್ದು. ನಲವತ್ತೊಂಬತ್ತು ವರ್ಷದ ಗಂಡಸು ಇದನ್ನು ಯಾವ ಬಾಯಿಂದ ಹೇಳಿಕೊಳ್ಳಬೇಕು ನೀವೇ ಹೇಳಿ.

ಆಟ ಹಚ್ಚಿಕೊಟ್ಟವಳು ಮಗಳು ಪೂರ್ವಾ. ಕಳೆದ ವರ್ಷ ನಾನು ಕಾರ್ಖಾನೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದೆ. “ಪಪ್ಪಾ, ಹೊತ್ತ ಹೋಗ್ತೈತಿ. ಇಬ್ಬರೂ ಕೂಡಿ ಆಡೂಣು,” ಎಂದಳು. ಎಲ್ಲೆಲ್ಲಿಯೋ ಕೂತ ಸಾವಿರಾರು ಜನ ಒಂದೇ ಹೊತ್ತಿಗೆ ಒಂದೇ ಮಾಯಾಲೋಕದಲ್ಲಿ ಅಲೆದಾಡುವ ಆಟ ಅದು. ಅಲ್ಲಿ ರಾಜರಿದ್ದಾರೆ, ಮಾಟಗಾತಿಯರಿದ್ದಾರೆ, ಮಾತಾಡುವ ತೋಳಗಳಿವೆ. ಪೂರ್ವಾ ನನ್ನನ್ನು ಒಬ್ಬ ಕುಳ್ಳನನ್ನಾಗಿ ಮಾಡಿದಳು. ಸೊಂಟದವರೆಗೆ ಬಿಳಿ ಗಡ್ಡ, ಹೆಗಲ ಮೇಲೆ ಕೊಡಲಿ, ನೆತ್ತಿಯ ಮೇಲೆ ತೇಲುವ ಹೆಸರು: ಬಾಳು ಯಡ್ರಾವ. ಬಾಳು ಮನೆಯಲ್ಲಿ ನನ್ನನ್ನು ಕರೆಯುವ ಹೆಸರು, ಯಡ್ರಾವ ಹಿರಿಯರ ಊರು. ಹದಿನೈದು ದಿನಕ್ಕೆ ಅವಳಿಗೆ ಆಟ ಸಾಕಾಯಿತು. ನನ್ನ ಕಾಲೂ ಕೂಡಿತು. ಆದರೆ ನಾನು ಮಾತ್ರ ಅಲ್ಲಿಂದ ಹೊರಗೆ ಬರಲಿಲ್ಲ.

ಆಟಗಾರ ಎಂದರೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೋ ನಾನು ಅದಲ್ಲ. ಜೈನರ ಮನೆಯಲ್ಲಿ ಹುಟ್ಟಿದವನು. ಸುಳ್ಳು ತೋಳವನ್ನಾದರೂ ಕೊಡಲಿಯಿಂದ ಕಡಿಯಲು ಕೈ ಬರಲಿಲ್ಲ. ತೋಳ ಬಂದರೆ ಓಡುತ್ತಿದ್ದೆ. ಹಾಗಾಗಿ ಗಿಡಮೂಲಿಕೆ ಕೀಳುವ ಕೆಲಸಕ್ಕೆ ಹತ್ತಿದೆ. ಅದರಲ್ಲಿಯೂ ನೆಲ ಅಗೆದು ಗೆಡ್ಡೆ ತೆಗೆಯುವುದಿಲ್ಲ, ಹೂವು ಎಲೆ ಅಷ್ಟೇ. ಹೆಂಡತಿ ಸುನಂದಾ ಒಂದು ದಿನ ಹಿಂದೆ ನಿಂತು ನೋಡಿ, “ಅಲ್ರಿ, ಮನ್ಯಾಗ ಎರಡ ಕೊತಂಬರಿ ಕಡ್ಡಿ ಸೋಸಿ ಕೊಡ್ರಿ ಅಂದ್ರ ಕೈ ನೋವ ಅಂತೀರಿ, ಇಲ್ಲಿ ರಾಕ್ಷಸರಿಗೆ ತಪ್ಪಲಾ ಕೊಯ್ಯಾಕತ್ತೀರೇನ್ರಿ?” ಎಂದಳು. ನಾನು ಇನ್ನೊಂದು ಹೂವು ಕಿತ್ತೆ.

ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಆಮೇಲೆ ಮಲಗುವವರೆಗೆ ಉದ್ದದ ಒಂದು ಸಂಜೆ ಉಳಿದುಬಿಡುತ್ತದೆ. ಬೆಳಕು ಬೂದಿಯಾಗುತ್ತ ಬರುವ ಆ ಹೊತ್ತಿಗೆ ಗ್ಯಾಲರಿಯ ಕುರ್ಚಿಯಲ್ಲಿ ಕೂತು ನಾನು ಹೂವು ಕೀಳಲು ಹೋಗುತ್ತಿದ್ದೆ. ಆಟದಲ್ಲಿ ಒಂದು ಜೌಗು ಪ್ರದೇಶವಿದೆ. ಮಂಜು, ಒಣಗಿದ ಮರ, ಕಪ್ಪೆಯ ದನಿ. ಮಂದಿ ಆ ಕಡೆ ಬರುವುದಿಲ್ಲ, ಯಾಕೆಂದರೆ ಗೆಲ್ಲುವಂಥದ್ದು ಅಲ್ಲಿ ಏನೂ ಇಲ್ಲ. ಅದಕ್ಕೇ ನನಗೆ ಅದು ಇಷ್ಟ. ಶ್ರಾವಣದ ಒಂದು ಸಂಜೆ ಅಲ್ಲಿ ನೀಲಿ ಹೂವು ಕಂಡಿತು. ಮುಂದೆ ಇನ್ನೊಂದು. ಅದರ ಮುಂದೆ ಮತ್ತೊಂದು. ಯಾರೋ ಅಳತೆ ಹಿಡಿದು ಹಚ್ಚಿದ ಹಾಗೆ ಒಂದೊಂದೇ ಹೂವು. ಕೀಳುತ್ತ ಕೀಳುತ್ತ ಜೌಗು ದಾಟಿಬಿಟ್ಟೆ.

ಆಚೆ ಒಂದು ಮನೆ ನಿಂತಿತ್ತು.

ಆಟಗಾರರು ತಮ್ಮ ತಮ್ಮ ಜಾಗದಲ್ಲಿ ಮನೆ ಕಟ್ಟಿಕೊಳ್ಳಬಹುದು. ಬಹಳ ಜನ ಕೋಟೆ ಕಟ್ಟುತ್ತಾರೆ, ಗೋಪುರ ಕಟ್ಟುತ್ತಾರೆ. ಇದು ತಗ್ಗಾದ, ಉದ್ದನೆಯ, ಬಣ್ಣವಿಲ್ಲದ ಮನೆ. ಎತ್ತರದ ಒಂದು ಮೆಟ್ಟಿಲು, ಬೆರಳು ಹೋಗುವಷ್ಟು ತೆರೆದುಕೊಂಡ ಬಾಗಿಲು. ಒಳಗೆ ಹೋದೆ. ಎಡಕ್ಕೆ ಒಂದು ದೊಡ್ಡ ಕೋಣೆ. ಅದರಲ್ಲಿ ಮೇಜು, ತೊಲೆ, ಹಗ್ಗ ಜೋಡಿಸಿ ಮಾಡಿದ ನಾಲ್ಕು ದೊಡ್ಡ ಚೌಕಟ್ಟುಗಳು ಸಾಲಾಗಿ ನಿಂತಿದ್ದವು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಸಂದಿ ಎಷ್ಟು ಕಿರಿದೆಂದರೆ ನನ್ನ ಕುಳ್ಳ ಅಡ್ಡ ತಿರುಗಿಯೇ ಹೋಗಬೇಕಾಯಿತು. ಗೋಡೆಯ ಆಚೆ ಎಲ್ಲೋ ಒಂದು ಯಂತ್ರ ಕಟ್ಟಿ ಬಿಟ್ಟಿದ್ದರು. ಖಟಕ್ ಖಟಕ್, ಖಟಕ್ ಖಟಕ್ ಎಂದು ಅದು ಒಂದೇ ಸಮನೆ ಬಡಿಯುತ್ತಿತ್ತು.

ಅಡಿಗೆಮನೆಯಿಂದ ಸುನಂದಾ ಕೈ ಒರೆಸಿಕೊಳ್ಳುತ್ತ ಬಂದಳು. “ಯಾರ ಮನ್ಯಾಗರಿ ಮಾಗ ಚಾಲೂ ಆಗೇತಿ?”

ಮಾಗ ಎಂದರೆ ನಮ್ಮ ಕಡೆ ಮಗ್ಗ. ಆಕೆ ಇಚಲಕರಂಜಿಯ ಹೆಣ್ಣು. ವಿದ್ಯುತ್ ಮಗ್ಗದ ಸದ್ದು ಎಂಥ ನಿದ್ದೆಯಲ್ಲಿಯೂ ಗುರುತಿಸುತ್ತಾಳೆ. ನಾನು ಮೊಬೈಲಿನ ಸದ್ದು ತಗ್ಗಿಸಿದೆ. ನನ್ನ ಕುಳ್ಳ ನಿಂತದ್ದು ನಾನು ಹುಟ್ಟಿ ಬೆಳೆದ ಮನೆಯಲ್ಲಿ.

ಇಚಲಕರಂಜಿಯಲ್ಲಿ ಅಪ್ಪನ ನಾಲ್ಕು ಮಗ್ಗದ ಶೆಡ್ಡು, ಅದಕ್ಕೇ ಅಂಟಿಕೊಂಡು ನಮ್ಮ ಮನೆ. ಹಗಲೂ ರಾತ್ರಿ ಮಗ್ಗ ಬಡಿಯುತ್ತಿದ್ದವು. ಮಕ್ಕಳಿಗೆ ಕತ್ತಲೆಯ ಹೆದರಿಕೆ ಇರುತ್ತದೆ. ನನಗೆ ನಿಶ್ಶಬ್ದದ ಹೆದರಿಕೆ. ಕರೆಂಟು ಹೋಗಿ ಮಗ್ಗ ನಿಂತ ಕೂಡಲೇ ಎಚ್ಚರವಾಗಿ ಅಳುತ್ತಿದ್ದೆನಂತೆ. ಅವ್ವ ತೊಡೆಯ ಮೇಲೆ ಹಾಕಿಕೊಂಡು ನಾಲಿಗೆಯಿಂದ ಖಟಕ್ ಖಟಕ್ ಎಂದು ಸದ್ದು ಮಾಡಿ ಮಲಗಿಸುತ್ತಿದ್ದಳು. ಮೈಗೆಲ್ಲ ಹತ್ತಿಯ ಧೂಳು, ಅನ್ನದಲ್ಲಿಯೂ ಒಂದೊಂದು ದಾರದ ಎಳೆ. ಎರಡನೆಯ ಮಗ್ಗಕ್ಕೂ ಮೂರನೆಯದಕ್ಕೂ ನಡುವಿನ ಸಂದಿಯಲ್ಲಿ ನಾವೆಲ್ಲ ಅಡ್ಡ ತಿರುಗಿಯೇ ನಡೆಯುತ್ತಿದ್ದೆವು. ಆ ಮನೆಯನ್ನು ಕೆಡವಿ ಬಹಳ ವರ್ಷಗಳಾದವು. ಅಪ್ಪ ಅವ್ವ ಇಬ್ಬರೂ ಹೋಗಿದ್ದಾರೆ. ಮನೆಯ ಒಂದು ಫೋಟೊ ಕೂಡ ನಮ್ಮ ಹತ್ತಿರ ಇಲ್ಲ.

ಮರುದಿನ ಸಂಜೆ ಮತ್ತೆ ಹೋದೆ. ಅಳತೆ ನನ್ನ ಕಸುಬು, ಕಣ್ಣಳತೆ ತಪ್ಪುವುದಿಲ್ಲ. ಬಾಗಿಲಿನಿಂದ ಅಟ್ಟದ ಏಣಿಗೆ ಹನ್ನೊಂದು ಹೆಜ್ಜೆ. ಏಣಿಗೆ ಮೂರನೆಯ ಮೆಟ್ಟಿಲಿಲ್ಲ. ನಮ್ಮ ಏಣಿಗೂ ಇರಲಿಲ್ಲ. ಅವತ್ತು ಮಾತ್ರ ಇನ್ನೊಂದು ಗಮನಿಸಿದೆ: ಮನೆಯಲ್ಲಿ ಬೊಂಬೆಗಳಿದ್ದವು. ಮನೆಯ ಯಜಮಾನರು ಅಲಂಕಾರಕ್ಕೆಂದು ಇಟ್ಟುಕೊಳ್ಳುವ ಮಣ್ಣಿನ ಬೊಂಬೆಗಳು, ಮುಖವಿಲ್ಲದವು. ಮಗ್ಗದ ಮುಂದೆ ಎತ್ತರದ್ದೊಂದು, ನಮ್ಮ ಕಡೆ ಬೆನ್ನು ಮಾಡಿಕೊಂಡು. ಒಲೆಯ ಮುಂದೆ ಕೂತದ್ದೊಂದು. ಏಣಿಯ ಕೆಳಗೆ, ನಾನು ಸಿಟ್ಟು ಬಂದಾಗ ಹೋಗಿ ಅಡಗುತ್ತಿದ್ದ ಜಾಗದಲ್ಲಿ, ಮೊಣಕಾಲು ಮಡಚಿಕೊಂಡ ಚಿಕ್ಕದೊಂದು.

ಮೂರನೆಯ ಸಂಜೆ ಚಿಕ್ಕ ಬೊಂಬೆ ಏಣಿಯ ಕೆಳಗೆ ಇರಲಿಲ್ಲ. ಮಗ್ಗದ ಸಂದಿಯಲ್ಲಿ ಅಡ್ಡ ತಿರುಗಿ ನಿಂತಿತ್ತು. ನಾಲ್ಕನೆಯ ಸಂಜೆ ಬಾಗಿಲ ಒಳಗೆ. ಐದನೆಯ ಸಂಜೆ ನಾನು ಜೌಗು ದಾಟಿ ಬರುವಷ್ಟರಲ್ಲಿ ಅದು ಹೊರಗಿನ ಮೆಟ್ಟಿಲ ಮೇಲೆ ನಿಂತಿತ್ತು. ಮುಖವಿರಲಿಲ್ಲ, ಆದರೂ ನಾನು ಬರುವ ದಾರಿಯನ್ನೇ ನೋಡುತ್ತಿತ್ತು.

ಮೊಬೈಲನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ. ನಾಲ್ಕು ದಿನ ಆಟ ಮುಟ್ಟಲಿಲ್ಲ. ಕಾರ್ಖಾನೆಯಲ್ಲಿ ಒಂದು ಪಂಪಿನ ಪ್ಯಾಟರ್ನನ್ನು ಎಡಬಲ ಉಲ್ಟಾ ಕೆತ್ತಿಟ್ಟು ಸಾಹೇಬರಿಂದ ಬೈಸಿಕೊಂಡೆ. ಊಟಕ್ಕೆ ಕೂತಾಗ ಸುನಂದಾ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಕೊನೆಗೆ ಅವಳಿಗೆ ಎಲ್ಲ ಹೇಳಿದೆ. ಬೊಂಬೆಯದಷ್ಟೇ ಅಲ್ಲ, ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ ಹೇಳದೇ ಇದ್ದದ್ದನ್ನೂ ಹೇಳಿದೆ.

ನನಗೊಬ್ಬ ಅಕ್ಕ ಇದ್ದಳು, ವಿಮಲಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮ ಶೆಡ್ಡಿಗೆ ಮಗ್ಗ ರಿಪೇರಿಗೆಂದು ಬಿರಪ್ಪ ಎನ್ನುವವನು ಬರುತ್ತಿದ್ದ. ಗಡಹಿಂಗ್ಲಜದ ಕಡೆಯ ಒಂದು ಹಳ್ಳಿಯವನು, ಕುರಿ ಸಾಕುವವರ ಮನೆಯ ಹುಡುಗ. ಮೆತ್ತಗಿನ ಮಾತು. ನನಗೆ ಹನ್ನೊಂದು ವರ್ಷ. ಒಂದು ಸೋಮವಾರ ಅಕ್ಕ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಕಿವಿಯಲ್ಲಿ ಹೇಳಿದಳು: “ಗುರುವಾರ ಮುಂಜಾನಿ ಮೊದಲನೇ ಬಸ್ಸಿಗೆ ನಾ ಬಿರಪ್ಪನ ಕೂಡ ಹೊಂಟೀನಿ. ಯಾರ ಮುಂದೂ ಹೇಳಬ್ಯಾಡ.” ನಾನು ಸಂಜೆಯವರೆಗೆ ತಡೆದೆ. ಆಮೇಲೆ ಹೋಗಿ ಅಪ್ಪನಿಗೆ ಹೇಳಿಬಿಟ್ಟೆ. ಅಪ್ಪ ಹರಿದ ಎಳೆಯನ್ನು ಗಂಟು ಹಾಕುತ್ತಿದ್ದರು. ತಿರುಗಿ ನೋಡಲಿಲ್ಲ. “ಹೂಂ,” ಎಂದರು, ಅಷ್ಟೇ. ಗುರುವಾರ ನಾನು ಏಳುವಷ್ಟರಲ್ಲಿ ಅಟ್ಟದ ಮೇಲಿನ ಅಕ್ಕನ ಹಾಸಿಗೆ ಬರಿದಾಗಿತ್ತು. ಅವತ್ತಿನಿಂದ ಆಕೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತಕೂಡದು ಎಂದು ಅಪ್ಪ ಹೇಳಿದರು. ಅವ್ವ ಒಳಗೊಳಗೇ ಅತ್ತು ತೀರಿಹೋದಳು. ಅಕ್ಕ ಒಂದು ಕಾಗದ ಬರೆಯಲಿಲ್ಲ. ನಾನು ಹೇಳಿಬಿಟ್ಟೆನೆಂಬುದು ಆಕೆಗೆ ಗೊತ್ತು, ಅದಕ್ಕೇ ಬರೆಯಲಿಲ್ಲ ಎಂದುಕೊಂಡೆ. ಕೊಲ್ಹಾಪುರಕ್ಕೂ ಗಡಹಿಂಗ್ಲಜಕ್ಕೂ ಎಷ್ಟು ದೂರ? ಬೆಳಿಗ್ಗೆ ಹೋಗಿ ಸಂಜೆಗೆ ಬರುವ ದಾರಿ. ಮೂವತ್ತೆಂಟು ವರ್ಷ ನಾನು ಆ ಬಸ್ಸು ಹತ್ತಲಿಲ್ಲ.

ಸುನಂದಾ ಎಲ್ಲ ಕೇಳಿದಳು. “ಆ ಮನ್ಯಾಗ ಗೊಂಬಿ ಮೂರ ಅದಾವಲ್ರಿ,” ಎಂದಳು ಆಮೇಲೆ. “ಅಕ್ಕಂದ ಇಲ್ಲ. ಅಂದ್ರ ಇಟ್ಟಾಕಿ ಆಕೀನ ಇರಬೇಕ. ಹೋಗಿ ಮಾತಾಡಸ್ರಿ. ಇಲ್ಲಾಂದ್ರ ಆ ಗೊಂಬಿ ನಾಳೆ ನಮ್ಮ ಬಾಗಲಕ್ಕ ಬಂದ ನಿಂತೀತು.”

ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಹೋದೆ. ಮಂಜು ದಾಟಿದೆ. ಚಿಕ್ಕ ಬೊಂಬೆ ಮೆಟ್ಟಿಲ ಮೇಲೆಯೇ ಇತ್ತು. ಅದನ್ನು ಬಳಸಿ ಒಳಗೆ ಹೋದೆ. ಖಟಕ್ ಖಟಕ್. ಏಣಿಯ ತುದಿಯಲ್ಲಿ, ಅಟ್ಟದ ಕತ್ತಲೆಯಲ್ಲಿ, ಬಿಳಿ ಸೀರೆಯ ಹಾಗೆ ಏನೋ ಉಟ್ಟ ಹೆಣ್ಣೊಂದು ನಿಂತಿತ್ತು. ಅದು ಬೊಂಬೆಯಲ್ಲ, ಉಸಿರಾಡುತ್ತಿತ್ತು. ತಲೆಯ ಮೇಲೆ ಹೆಸರು: ವಿಮಲ. ನಾನು ಏನು ಬರೆಯಲೆಂದು ತಡವರಿಸುತ್ತಿರುವಾಗ ಆ ಹೆಸರಿನ ಪಕ್ಕ ಅಕ್ಷರ ಮೂಡಿದವು.

“ಬಾಳ್ಯಾ, ಉಂಡೇನ?”

ಮೊಬೈಲು ಕೈ ಜಾರಿ ತೊಡೆಯ ಮೇಲೆ ಬಿತ್ತು. ಎತ್ತಿಕೊಟ್ಟವಳು ಸುನಂದಾ. “ಉಂಡೆ” ಎಂದು ಬರೆದೆ. “ಎಲ್ಲಿ ಅದೀ ಅಕ್ಕಾ?” ಎಂದೂ ಬರೆದೆ. ಆ ಬಿಳಿ ಆಕೃತಿ ಏಣಿಯ ತುದಿಯಲ್ಲಿ ಹಾಗೆಯೇ ನಿಂತಿತ್ತು. ಆಮೇಲೆ ಒಂದೇ ಶಬ್ದ ಬಂತು: “ಗಡಹಿಂಗ್ಲಜ.”

“ಭಾನುವಾರ ಬರ್ತೀನಿ” ಎಂದು ಬರೆದು, ಆ ಭಾನುವಾರ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬು, ಸಣ್ಣ ಮಳೆ. ನನಗೆ ಮಾತ್ರ ಒಂದೇ ಯೋಚನೆ: ಆಟದಲ್ಲಿ ಬಂದದ್ದು ಅಕ್ಕನೇ ಹೌದೋ ಅಲ್ಲವೋ. ಬದುಕಿದ್ದಾಳೋ ಇಲ್ಲವೋ ಎನ್ನುವುದೇ ನನಗೆ ಗೊತ್ತಿರಲಿಲ್ಲವಲ್ಲ! ಕಂಡಕ್ಟರ್ “ಗಡಹಿಂಗ್ಲಜ ಆಲಂ, ಉತರಾ ಉತರಾ,” ಎಂದು ಕೂಗಿದಾಗ ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿದೆ. ಸ್ಟ್ಯಾಂಡಿನ ಕಂಬದ ಹತ್ತಿರ ಇಪ್ಪತ್ತೆರಡರ ಹುಡುಗಿಯೊಬ್ಬಳು ನಿಂತಿದ್ದಳು. ನನ್ನ ಅವ್ವನ ಗದ್ದ, ಅವ್ವನ ಹಣೆ. ಹತ್ತಿರ ಬಂದು, “ಬಾಳು ಮಾಮಾ ಅಲ್ರಿ? ನಾ ಶ್ರುತಿ. ವಿಮಲವ್ವನ ಮಗಳ,” ಎಂದಳು. ನಾನು ಮೊದಲು ಕೇಳಿದ್ದು, “ಅಕ್ಕ ಅದಾಳ?” ಎಂದು.

“ಅದಾಳ್ರಿ. ಕಣ್ಣ ಕಾಣೂದಿಲ್ಲ. ಸಕ್ರಿ ಬ್ಯಾನಿ, ಎರಡ ವರ್ಷ ಆತು.”

ನಡೆಯುತ್ತ ಶ್ರುತಿ ಎಲ್ಲ ಬಿಡಿಸಿ ಹೇಳಿದಳು. ಆಟ ಆಡುವವಳು ಅವಳೇ. ಆರು ತಿಂಗಳ ಹಿಂದೆ ಆಟದ ಸಂತೆಯಲ್ಲಿ ‘ಬಾಳು ಯಡ್ರಾವ’ ಎನ್ನುವ ಕುಳ್ಳನನ್ನು ಕಂಡು, ತಮಾಷೆಗೆಂದು ಅವ್ವನಿಗೆ ಹೇಳಿದ್ದಳು. ಅಕ್ಕ ಅವತ್ತು ಊಟ ಮಾಡಲಿಲ್ಲವಂತೆ. ಯಡ್ರಾವದಲ್ಲಿ ಬಾಳು ಎನ್ನುವವರು ಎಷ್ಟು ಜನವೋ! ನೇರ ಕೇಳಲು ಅಕ್ಕ ಒಪ್ಪಲಿಲ್ಲ. “ಒಂದ ಮನಿ ಕಟ್ಟು, ನಾ ಹೇಳ್ತೀನಿ. ನಮ್ಮ ಬಾಳ್ಯಾ ಆಗಿದ್ರ ಹೊಳ್ಳಿ ಬರ್ತಾನ. ಬ್ಯಾರೇದಾವ ಆಗಿದ್ರ ನೋಡಿ ಹೋಗ್ತಾನ,” ಎಂದಳು. ಮಗಳು ಮೊಬೈಲು ಹಿಡಿದು ಕೂತಳು, ತಾಯಿ ಕಣ್ಣು ಮುಚ್ಚಿಕೊಂಡು ಹೆಜ್ಜೆ ಎಣಿಸಿ ಎಣಿಸಿ ಹೇಳಿದಳು. ನಾನು ಹೂವು ಕೀಳುವ ಜಾಗದಿಂದ ಮನೆಯವರೆಗೆ ನೀಲಿ ಹೂವು ಹಚ್ಚಿಸಿದವಳೂ ಆಕೆಯೇ. ನಾನು ಮತ್ತೆ ಬಂದೆನೆಂದು ಆಟ ತಿಳಿಸಿದಾಗಲೆಲ್ಲ ಚಿಕ್ಕ ಬೊಂಬೆಯನ್ನು ಸ್ವಲ್ಪ ಮುಂದಕ್ಕೆ ತರಿಸುತ್ತಿದ್ದಳು.

ಹಿರಣ್ಯಕೇಶಿ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಮನೆ. ಬಾಗಿಲಲ್ಲಿ ಬಿರಪ್ಪ ನಿಂತಿದ್ದರು, ಬೆಳ್ಳಗಿನ ಮೀಸೆ. “ಬರ್ರಿ,” ಎಂದು ನಗಲು ನೋಡಿ, ಚಹಾ ಮಾಡುವ ನೆಪದಲ್ಲಿ ಒಳಗೆ ಹೋದರು. ನಡುಮನೆಯಲ್ಲಿ ಅಕ್ಕ ನಡೆದು ಬರುತ್ತಿದ್ದಳು. ಖಾಲಿ ಕೋಣೆ, ಅಡ್ಡಕ್ಕೆ ಏನೂ ಇಲ್ಲ. ಆದರೂ ನಡುವೆ ಬಂದಾಗ ಆಕೆ ತಟ್ಟನೆ ಮೈ ಅಡ್ಡ ತಿರುಗಿಸಿ, ಇಲ್ಲದ ಎರಡು ಮಗ್ಗಗಳ ನಡುವೆ ನುಸುಳಿ ಈಚೆ ಬಂದಳು.

“ಕಣ್ಣ ಹ್ವಾದ ಮ್ಯಾಲೆ ಹಿಂಗ ರೀ,” ಎಂದು ಶ್ರುತಿ ಮೆಲ್ಲಗೆ ಹೇಳಿದಳು. “ನಮ್ಮ ಮನಿ ಆಕೀಗೆ ಕಾಣೂದಿಲ್ಲ. ಆ ಮನೀನ ಕಾಣತೈತಿ.”

ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಅಂಗೈ ಸವರಿ, “ಕಟಗಿ ಕೆಲಸ ಮಾಡ್ತೀಯೇನ?” ಎಂದಳು.

“ಹೂಂ.”

“ನಾ ಹನ್ನೊಂದ ವರ್ಷದ ಕೈ ಹಿಡೀತೀನಿ ಅಂತ ತಿಳದಿದ್ದೆ, ಹುಚ್ಚಿ.”

ನಾನು ಆಡಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತೆಲ್ಲ ಮರೆತುಹೋಯಿತು. “ಅಕ್ಕಾ, ಆವತ್ತ ನಾ ಅಪ್ಪಗ ಹೇಳಿಬಿಟ್ಟೆ,” ಎಂದೆ. ಅಷ್ಟೇ ಬಂತು.

ಅಕ್ಕ ಕೈ ಬಿಡಲಿಲ್ಲ. “ಹೇಳ್ತಿ ಅಂತ ಗೊತ್ತಿತ್ತಲ್ಲ. ಅದಕ್ಕ ನಿನ್ನ ಮುಂದ ಹೇಳಿದ್ದು. ಸಣ್ಣಾಂವ ಇದ್ದಾಗಿಂದ ನಿನ್ನ ಹೊಟ್ಯಾಗ ಒಂದ ಮಾತ ನಿಂತಿತ್ತೇನ? ಅಪ್ಪನ ಮುಂದ ನಿಂತ ಹೇಳೂ ಧೈರ್ಯ ನನಗಿರಲಿಲ್ಲ. ಹೇಳದ ಹೋಗಾಕೂ ಮನಸ ಇರಲಿಲ್ಲ.”

ನನಗೆ ಸಮಾಧಾನವಾಗಬೇಕಿತ್ತು. ಬಂದದ್ದು ಸಿಟ್ಟು. “ಮೂವತ್ತೆಂಟ ವರ್ಷ ನಾ ಇದನ್ನ ಹೊತಗೊಂಡ ತಿರುಗೀನಿ, ಅಕ್ಕಾ. ನೀ ಒಂದ ಕಾಗದ ಹಾಕಲಿಲ್ಲ.”

“ಕೇಳಿಲ್ಲಿ. ಅಪ್ಪ ದಿನಾ ಬಾಗಲಕ್ಕ ಒಳಗಿಂದ ಕೀಲಿ ಹಾಕಿ ಉಡದಾರಕ್ಕ ಕಟಗೊಂಡ ಮಲಗ್ತಿದ್ರು. ನೆನಪೈತಿ?”

ನೆನಪಿತ್ತು.

“ಆವತ್ತ ನಸುಕಿನ್ಯಾಗ ಏಣಿ ಇಳದ ಬಂದೆ. ಕೀಲಿ ಇರಲಿಲ್ಲ. ಬಾಗಲಾ ಬೆರಳ ಹೋಗುವಷ್ಟ ತಗದಿತ್ತು. ನೀ ಹೇಳಿದ್ದಕ್ಕ ತಗದಿತ್ತು, ಬಾಳ್ಯಾ. ನೀ ಹೇಳದ ಇದ್ದಿದ್ರ ನಾ ಇವತ್ತಿಗೂ ಆ ಅಟ್ಟದ ಮ್ಯಾಲ ಇರ್ತಿದ್ದೆ.” ಸ್ವಲ್ಪ ತಡೆದು, “ಆದ್ರ ಅಪ್ಪ ಅದನ್ನ ತಗದಿದ್ದು ಹೋಗಾಕ. ಹೊಳ್ಳಿ ಬರಾಕ ಅಲ್ಲ. ಅದೂ ನನಗ ಗೊತ್ತಿತ್ತು. ಅದಕ್ಕ ಕಾಗದ ಹಾಕಲಿಲ್ಲ,” ಎಂದಳು.

ಬಿರಪ್ಪ ಚಹಾ ತಂದರು. ನಾಲ್ಕೂ ಜನ ಕುಡಿದೆವು. ಚಹಾಕ್ಕೆ ಸಕ್ಕರೆ ಹಾಕಿರಲಿಲ್ಲ. ಆ ಮನೆಯಲ್ಲಿ ಯಾರಿಗೂ ಹಾಕುವುದಿಲ್ಲವಂತೆ.

ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಕೇಳಿದಳು. “ಆ ಮನಿ ಹೊರಗ ಏನೈತಿ?” ಶ್ರುತಿ ಆಡುವಾಗ ಅಕ್ಕ ಮನೆಯ ಒಳಗಷ್ಟೇ ಇರುತ್ತಿದ್ದಳು. ಹೂವು ಹಚ್ಚಲು ಶ್ರುತಿಯೊಬ್ಬಳೇ ಹೊರಗೆ ಹೋದದ್ದು ಬಿಟ್ಟರೆ ಮೆಟ್ಟಿಲು ದಾಟಿಸಲು ಬಿಟ್ಟಿರಲಿಲ್ಲ. “ಹೊರಗ ಅಡ್ಡಾಡಾಂವ ನೀನ. ಕರಕೊಂಡ ಹೋಗು,” ಎಂದಳು.

ನಾನು ನನ್ನ ಮೊಬೈಲು ತೆಗೆದೆ, ಶ್ರುತಿ ತನ್ನದು. ಗಡ್ಡದ ಕುಳ್ಳ ಮುಂದೆ, ಬಿಳಿ ಉಡುಗೆಯ ವಿಮಲ ಹಿಂದೆ. ಬಾಗಿಲು ದಾಟಿದೆವು. ಮಗ್ಗದ ಸದ್ದು ಸಣ್ಣದಾಗುತ್ತ ಬಂತು. ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಹೇಳುತ್ತಾ ಹೋದೆ: ಇಲ್ಲಿ ನೀಲಿ ಹೂವು, ಇಲ್ಲಿ ನೀರು, ಇಲ್ಲಿ ಒಣಗಿದ ಮರ, ಅದರ ಮೇಲೆ ಒಂದು ಹಕ್ಕಿ, ಹೆಸರು ಗೊತ್ತಿಲ್ಲ. ಆಟದಲ್ಲಿ ನಡೆಯುವವರ ಹೆಜ್ಜೆಯ ಸದ್ದು ಕೇಳಿಸುತ್ತದೆ. ನನ್ನ ಕುಳ್ಳನ ಬೂಟು ಕೆಸರಿನಲ್ಲಿ ಪಚಕ್ ಪಚಕ್ ಎನ್ನುತ್ತಿತ್ತು. ವಿಮಲಳ ಬರಿಗಾಲು ಕೇಳಿಸಿಯೂ ಕೇಳಿಸದ ಹಾಗೆ.

ಜೌಗಿನ ನಡುವೆ ಬಂದಾಗ ಅಕ್ಕ ಕೈ ಎತ್ತಿದಳು. “ಹಿಂದ ಯಾರೋ ಬರಾಕತ್ತಾರ.”

ನನಗೂ ಕೇಳಿಸಿತು. ಸ್ವಲ್ಪ ದೂರದಿಂದ, ಹಳೆಯ ಚಪ್ಪಲಿ ಎಳೆದು ನಡೆಯುವ ಸದ್ದು. ನಾವು ನಿಂತರೆ ನಿಲ್ಲುತ್ತಿತ್ತು. ನಡೆದರೆ ಮತ್ತೆ ಹತ್ತಿಕೊಳ್ಳುತ್ತಿತ್ತು. ಶ್ರುತಿ ನನ್ನ ಮುಖ ನೋಡಿದಳು. ಬೇರೆ ಆಟಗಾರರು ಹತ್ತಿರ ಬಂದರೆ ಹೆಸರು ತೋರಿಸುವ ಪಟ್ಟಿಯೊಂದು ಮೂಲೆಯಲ್ಲಿರುತ್ತದೆ. ಅದರಲ್ಲಿ ನಾವಿಬ್ಬರೇ ಇದ್ದೆವು.

“ಹೊಳ್ಳಿ ನೋಡ್ಲಿ?” ಎಂದೆ.

“ಬ್ಯಾಡ,” ಎಂದಳು ಅಕ್ಕ. ಆಕೆಯ ಮುಖದಲ್ಲಿ ಹೆದರಿಕೆ ಇರಲಿಲ್ಲ. “ಆವತ್ತೂ ಅಪ್ಪ ಹಿಂಗ ಬಂದಿದ್ರು. ಹತ್ತ ಹೆಜ್ಜಿ ಹಿಂದ, ಬಸ್ ಸ್ಟ್ಯಾಂಡ್ ತನಕಾ. ನಾ ಹೊಳ್ಳಿ ನೋಡಿದ್ರ ಅವರು ಏನ ಮಾಡಬೇಕಿತ್ತು ಹೇಳು? ಹೊಳ್ಳಿ ಮನಿಗೆ ಕರಕೊಂಡ ಹೋಗಬೇಕಿತ್ತು. ಅದಕ್ಕ ನೋಡಲಿಲ್ಲ. ಬರ್ಲಿ ಬಿಡು. ನೀ ನಡಿ.”

ನಾನು ಹೆಬ್ಬೆರಳನ್ನು ಮುಂದಕ್ಕೆ ಒತ್ತಿ ಹಿಡಿದು ನಡೆದೆ.